ಸುಟ್ಟುಹೋದ ಬಿಲ್ಲೆಗಳು

ಆ ಚಳಿಗಾಲದಲ್ಲಿ ನಮ್ಮ ಮನೆಯ ಚಹಾದಲ್ಲೂ ಉಲ್ಲನ್ನಿನ ಎಳೆ ತೇಲುತ್ತಿತ್ತು. ಬ್ರೆಡ್ಡಿಗೆ ಹಂದಿ ಕೊಬ್ಬು ಸವರಿದರೆ ಅದಕ್ಕೂ ಅಂಟಿಕೊಳ್ಳುತ್ತಿತ್ತು. ನನ್ನ ಗಂಡ ಲೆನ್ ಬಾಯಿಂದ ಒಂದೊಂದೇ ಎಳೆ ತೆಗೆದು ತಟ್ಟೆಯ ಅಂಚಿಗೆ ಒರೆಸುತ್ತಿದ್ದ. ಏನೂ ಅನ್ನುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಗ್ರಿಮ್ಸ್‌ಬಿ ಬಂದರಿನಲ್ಲಿ ಹಡಗಿನಿಂದ ಮೀನು ಇಳಿಸಿದವನು ಈಗ ಒಲೆಯ ಮುಂದೆ ಕೂತು ಹೆಂಡತಿಯ ದುಡಿಮೆ ತಿನ್ನುತ್ತಿದ್ದ. ಅನ್ನಲು ಅವನಿಗೆ ಬಾಯಾದರೂ ಎಲ್ಲಿತ್ತು?

ಐಸ್‌ಲ್ಯಾಂಡಿನವರು ತಮ್ಮ ಸಮುದ್ರದೊಳಗೆ ಮೀನು ಹಿಡಿಯಲು ನಮ್ಮವರು ಕಾಲಿಡಕೂಡದು ಅಂದ ವರ್ಷ ಅದು. ಹಡಗುಗಳು ಕಟ್ಟೆಯಲ್ಲೇ ನಿಂತು ತುಕ್ಕು ಹಿಡಿದವು. ಮೀನಿಲ್ಲದ ಮೇಲೆ ಬಲೆ ಯಾರಿಗೆ ಬೇಕು? ನಮ್ಮ ಬೀದಿಯ ಹೆಂಗಸರೆಲ್ಲ ಬಲೆ ಹೆಣೆಯುವವರು. ಹಿತ್ತಿಲ ಗೋಡೆಗೆ ಕಬ್ಬಿಣದ ಸಲಾಕೆ ಬಡಿದು, ಅದಕ್ಕೆ ಬಲೆ ನೇತುಹಾಕಿ, ಬೆರಳು ಸೀಳುವ ತನಕ ಗಂಟು ಹಾಕಿದವರು. ಸಲಾಕೆಗಳು ಖಾಲಿಯಾದವು. ಕೈಗಳೂ ಖಾಲಿಯಾದವು. ಆಗ ವ್ಯಾನಿನ ತುಂಬ ಉಲ್ಲನ್ ಹೇರಿಕೊಂಡು ಮಿಸ್ಟರ್ ಥರ್ಲೋ ಬಂದ.

ಕೆಲಸ ಕಷ್ಟದ್ದಲ್ಲ. ಕ್ರೋಶಾ ಕಡ್ಡಿಯಲ್ಲಿ ನಡುವೆ ಒಂದು ಉಂಗುರ. ಅದರ ಸುತ್ತ ಮೂರು ಮೂರು ಹೆಣಿಗೆಯ ಗುಂಪು. ಸುತ್ತಿನಿಂದ ಸುತ್ತಿಗೆ ಬಣ್ಣ ಬದಲಾಗಬೇಕು, ಆರು ಮೂಲೆ ಬಿಡಬೇಕು. ನಾಲ್ಕು ಸುತ್ತಿಗೆ ಅಂಗೈಯಗಲದ ಆರು ಮೂಲೆಯ ಬಿಲ್ಲೆ ಆಗುತ್ತದೆ. ಅಜ್ಜಿ ಬಿಲ್ಲೆ ಅನ್ನುತ್ತೇವೆ. ನಮ್ಮ ಅಜ್ಜಿಯಂದಿರು ಚೂರುಪಾರು ಉಲ್ಲನ್ನಿನಲ್ಲಿ ಇದನ್ನೇ ಮಾಡಿ ಕಂಬಳಿ ಜೋಡಿಸುತ್ತಿದ್ದರು. ಈಗ ಲಂಡನ್ನಿನ ಹುಡುಗಿಯರಿಗೆ ಅದರ ಕೈಚೀಲ ಬೇಕಂತೆ. ಮುಂದೆ ಏಳು ಬಿಲ್ಲೆ, ಹಿಂದೆ ಏಳು: ನಡುವೆ ಒಂದು, ಅದರ ಸುತ್ತ ಆರು. ಬೀದಿಯವರು ಬಿಲ್ಲೆ ಮಾಡುತ್ತಿದ್ದರು. ಅವನ್ನು ಜೋಡಿಸಿ ಚೀಲ ಮಾಡುವವಳು ನಾನು, ಹಿಲ್ಡಾ.

ಜೋಡಿಸುವವಳಿಗೆ ಎರಡು ಕಾಸು ಹೆಚ್ಚು. ಅದಕ್ಕೇ ಥರ್ಲೋ ಮೊದಲ ದಿನವೇ ನನ್ನ ಕಿವಿಯಲ್ಲಿ ಹೇಳಿದ್ದ. "ಹಿಲ್ಡಕ್ಕ, ನಿನಗೆ ಎಷ್ಟು ಕೊಡ್ತೀನಿ ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಹೊಟ್ಟೆ ಉರ್ಕೋತಾರೆ."

ನಾನು ಹುಟ್ಟಿನಿಂದ ಅನುಮಾನದವಳು. ಅಂಗಡಿಯವನು ಮೀನು ತೂಗುವಾಗ ಅವನ ಹೆಬ್ಬೆರಳನ್ನೇ ನೋಡುವವಳು. ಆದರೆ ನನ್ನ ಈ ಗುಣವನ್ನು ಥರ್ಲೋ ನನಗಿಂತ ಚೆನ್ನಾಗಿ ಬಳಸಿಕೊಂಡ. ಪಕ್ಕದ ಮನೆಯ ಮೇವಿಸ್ ನನ್ನ ಕೆಲಸ ತನಗೆ ಕೇಳಿದಳು ಅಂತ ನನಗೆ ಹೇಳಿದ. ಎದುರು ಮನೆಯ ರೀಟಾ ಕಡಿಮೆ ಕೂಲಿಗೆ ಒಪ್ಪಿದಾಳೆ ಅಂತ ಮೇವಿಸ್‌ಗೆ ಹೇಳಿದ. ರೀಟಾಗೆ ನನ್ನ ಬಗ್ಗೆ ಏನು ಹೇಳಿದನೋ, ಅವಳು ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದಳು. ಒಂದೇ ಗೋಡೆಗೆ ಬೆನ್ನು ಕೊಟ್ಟ ಮನೆಗಳು ನಮ್ಮವು. ಪಕ್ಕದವಳ ಕೆಮ್ಮು ಕೇಳುತ್ತಿತ್ತು, ಮಾತು ಮಾತ್ರ ನಿಂತುಹೋಯಿತು.

ಎನಿಡ್ ಸಂಗತಿಯಂತೂ ಇನ್ನೂ ಕೆಟ್ಟದು. ಮೂಲೆ ಮನೆಯ ಎನಿಡ್ ಬೀದಿಗೇ ಒಳ್ಳೆಯ ಕೈಯವಳು. ಕ್ರಿಸ್ಮಸ್‌ಗೆ ಮುಂಚೆ ಅವಳ ಕೆಲಸ ನಿಂತಿತು. "ಕೊಟ್ಟ ಹಸಿರು ಉಲ್ಲನ್ನೆಲ್ಲ ಮಾರ್ಕೊಂಡ್ಳು ಕಳ್ಳಿ. ಬಿಲ್ಲೆ ಹಾಳು ಮಾಡಿ ತಂದ್ಳು. ಎಲ್ಲಾ ಬಾಯ್ಲರಿಗೆ ಹಾಕಿ ಸುಟ್ವಿ," ಅಂದ ಥರ್ಲೋ. ನಾನು ನಂಬಿದೆ. ಮೀನಂಗಡಿಯವನ ಹೆಬ್ಬೆರಳು ನೋಡುವವಳು ಇವನನ್ನು ನಂಬಿದೆ! ಮೂವತ್ತು ವರ್ಷ ಪಕ್ಕದಲ್ಲಿ ನಿಂತು ಬಲೆ ಹೆಣೆದವಳನ್ನು ಬಿಟ್ಟು, ಗುರುವಾರಕ್ಕೊಮ್ಮೆ ಹಾರನ್ ಹೊಡೆಯುವವನನ್ನು ನಂಬಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಜನವರಿಯ ಕೊನೆಯ ಗುರುವಾರ ಅವನು ಹೊಸ ಗಂಟೊಂದನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಇಟ್ಟ.

"ಹಿಲ್ಡಕ್ಕ, ಇದು ಸ್ಪೆಷಲ್ಲು. ಏಳು ಚೀಲ ಆಗತ್ತೆ. ಲಂಡನ್ ಅಂಗಡಿಯವರು ಒಂದೇ ಒಂದು ಬಿಲ್ಲೆ ನೋಡಿ ಬಿದ್ದೇಹೋದ್ರು. ಮುಂದಿನ ಶನಿವಾರ ಶೋಕೇಸಲ್ಲಿ ಇಡ್ತಾರಂತೆ. ಗುರುವಾರ ನನ್ನ ಕೈಯಲ್ಲಿರ್ಬೇಕು."

ಬಿಚ್ಚಿ ನೋಡಿದೆ. ಎಲ್ಲ ಬಿಲ್ಲೆಗಳ ಕೊನೆಯ ಸುತ್ತು ಹಸಿರಾಗಿರಬೇಕಿತ್ತು. ಇವುಗಳದ್ದು ಕಡುನೀಲಿ.

"ಯಾರು ಮಾಡಿದ್ದು?"

"ಲಿಂಕನ್ ಊರ ಕಡೆಯವರು. ಯಾಕೆ?"

"ಸುಮ್ನೆ ಕೇಳ್ದೆ."

"ಸುಮ್ನೆ ಯಾಕೆ ಕೇಳ್ತೀಯ? ಸುಮ್ನೆ ಜೋಡಿಸು." ಅವನು ನಕ್ಕ. ನಗುವಾಗ ಅವನ ಕಣ್ಣು ಮಾತ್ರ ಬಾಗಿಲ ಕಡೆ ಇತ್ತು. ಹೋಗುವಾಗ ಎಂದಿನಂತೆ ಮೇವಿಸ್, ರೀಟಾ ಕೆಲಸದಲ್ಲಿ ಹತ್ತು ಹನ್ನೆರಡು ಬಿಲ್ಲೆ ತೆಗೆದು, ಹಾಳಾಗಿವೆ, ಬಾಯ್ಲರಿಗೆ ಅಂತ ಬೇರೆ ಚೀಲಕ್ಕೆ ತುಂಬಿಕೊಂಡ. ಪ್ರತಿ ವಾರ ಹಾಗೇ. ಸುಡುವ ಬಿಲ್ಲೆಗೆ ಕೂಲಿ ಇಲ್ಲ.

ಅವನು ಹೋದ ಮೇಲೆ ನೀಲಿ ಬಿಲ್ಲೆಯೊಂದನ್ನು ಬೆಳಕಿಗೆ ಹಿಡಿದೆ. ನೂಲು ಹೊಸದಲ್ಲ. ಅಲೆ ಅಲೆಯಾಗಿ ಸೊಟ್ಟಗಿತ್ತು. ಹಳೆಯ ಸ್ವೆಟರ್ ಬಿಚ್ಚಿದ ನೂಲು ಎಷ್ಟು ತೊಳೆದರೂ ಹಾಗೇ ಇರುತ್ತದೆ. ಮೂಗಿಗೆ ಹಿಡಿದೆ. ಕುರಿಯ ಜಿಡ್ಡು, ಡಾಂಬರು, ಪೈಪಿನ ಹೊಗೆ. ಬೆರಳಾಡಿಸಿದೆ. ನೂಲಿನ ತುದಿಯನ್ನು ಹೆಣಿಗೆಯೊಳಗೆ ಅಡಗಿಸುವ ಮುಂಚೆ ಪುಟ್ಟ ಬಲೆಗಂಟು ಹಾಕಿತ್ತು. ಗಂಟು ಹಾಕಕೂಡದು, ಕೈಗೆ ತಾಗುತ್ತದೆ ಅಂತ ಥರ್ಲೋ ಹೇಳಿದ್ದ. ಬಲೆ ಹೆಣೆದ ಕೈಗೆ ಗಂಟು ಹಾಕದೆ ತುದಿ ಬಿಡಲು ಆಗುತ್ತದೆಯೇ?

ಲಿಂಕನ್‌ನಲ್ಲಿ ಸಮುದ್ರವೇ ಇಲ್ಲ. ಅಲ್ಲಿ ಯಾರಿಗೆ ಬಲೆಗಂಟು ಬರುತ್ತದೆ?

ಈ ನೂಲು ಯಾರದೆಂದು ನನಗೆ ಗೊತ್ತಿತ್ತು. ಎನಿಡ್ ಅಪ್ಪನದು. ಆ ಮುದುಕ ನಲವತ್ತು ವರ್ಷ ಸಮುದ್ರಕ್ಕೆ ಹೋಗಿ, ಕೊನೆಗೆ ತನ್ನ ಹಾಸಿಗೆಯಲ್ಲೇ ಸತ್ತ. ನಮ್ಮ ಬೀದಿಯಲ್ಲಿ ಅದೊಂದು ದೊಡ್ಡ ಅದೃಷ್ಟ. ಅವನ ಕಡುನೀಲಿ ಸ್ವೆಟರನ್ನು ಎನಿಡ್ ಬೀರುವಿನಲ್ಲಿ ಇಟ್ಟಿದ್ದಳು. ಗಂಡ ವಿಲ್ಫ್ ಹಡಗಿಗೆ ಹೋಗುವ ದಿನ ಅದನ್ನೊಮ್ಮೆ ಮುಟ್ಟಿ ಹೋಗುತ್ತಿದ್ದ.

ನನಗೆ ಮೈಯೆಲ್ಲ ಉರಿಯಿತು. ಸತ್ಯ ಹೊಳೆಯಿತು ಅಂದುಕೊಳ್ಳಬೇಡಿ. ನನಗೆ ಹೊಳೆದದ್ದು ಇಷ್ಟೇ: ಕಳ್ಳಿ! ಕದ್ದುಮುಚ್ಚಿ ಇನ್ನೂ ಕೆಲಸ ಮಾಡುತ್ತಿದ್ದಾಳೆ. ಕಡಿಮೆಗೆ ಮಾಡುತ್ತಿದ್ದಾಳೆ. ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆಯುತ್ತಿದ್ದಾಳೆ. ಬಿಲ್ಲೆಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು ಹಿಂದಿನ ಓಣಿಯಲ್ಲಿ ನಡೆದೆ.

ಎನಿಡ್ ಬಾಗಿಲು ತೆರೆದವಳು ಕೋಟು ಹಾಕಿಕೊಂಡಿದ್ದಳು. ಮನೆಯೊಳಗೇ ಕೋಟು. ಒಲೆಯಲ್ಲಿ ಬೂದಿಯೂ ಇರಲಿಲ್ಲ.

"ಏನೇ ಹಿಲ್ಡಾ? ದಾರಿ ತಪ್ಪಿ ಬಂದ್ಯಾ?"

"ಎಷ್ಟಕ್ಕೆ ಮಾಡ್ತಿದೀಯ ನೀನು?"

"ಏನನ್ನ?"

"ನಾಟಕ ಆಡ್ಬೇಡ. ಎಷ್ಟಕ್ಕೆ ಒಪ್ಕೊಂಡೆ ಹೇಳು. ಅರ್ಧಕ್ಕಾ?"

"ತಲೆ ಕೆಟ್ಟಿದ್ಯಾ ನಿಂಗೆ? ಆರು ವಾರ ಆಯ್ತು ನಾನು ಕಡ್ಡಿ ಮುಟ್ಟಿ. ಯಾವ ಕೆಲಸ? ಯಾರು ಕೊಡ್ತಾರೆ ಕಳ್ಳಿಗೆ ಕೆಲಸ? ನೀವೇ ತಾನೆ ಹೆಸರಿಟ್ಟೋರು."

ಬಿಲ್ಲೆ ತೆಗೆದು ಅವಳ ಮುಖಕ್ಕೆ ಹಿಡಿದೆ. "ಇದೇನು ಹಾಗಾದ್ರೆ?"

ಅವಳು ನನ್ನ ಕೈಯಿಂದ ಬಿಲ್ಲೆ ತೆಗೆದುಕೊಂಡಳು. ಮೂಗಿಗೆ ಒತ್ತಿಕೊಂಡಳು. ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತಳು.

"ಅಪ್ಪಂದು," ಅಂದಳು. "ಸುಟ್ಟೋಯ್ತು ಅಂದಿದ್ನಲ್ಲೇ."

ಅವಳು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಹೇಳಿದಳು. ಕೆಲಸವಿದ್ದ ಒಂದೆರಡು ಹಡಗಿನಲ್ಲೊಂದಕ್ಕೆ ಸೇರಿ ವಿಲ್ಫ್ ಆಗ ನಾರ್ವೆ ಕಡೆ ಹೋಗಿದ್ದ. ಗಂಡ ನೀರಿನ ಮೇಲಿರುವಾಗ ಹಸಿರು ಮನೆಯೊಳಗೆ ಬರಕೂಡದು, ಬಂದರೆ ಹಡಗಿಗೆ ಕೇಡು. ನಮ್ಮ ಬೀದಿಯಲ್ಲಿ ಮಗುವಿಗೂ ಗೊತ್ತಿರುವ ಮಾತು. ನಮ್ಮ ಗಂಡಂದಿರು ದಡದಲ್ಲಿದ್ದರು, ನಾವು ಹಸಿರು ಮುಟ್ಟಿದೆವು. ಅವಳು ಮುಟ್ಟಲಾರಳು. ಥರ್ಲೋ ಮೊದಲೇ ಬೈದಿದ್ದ: ಹಸಿರು ಇಲ್ಲದಿದ್ದರೆ ಇನ್ನಾವುದಾದರೂ ಹಾಕು, ಬಿಲ್ಲೆ ಮಾತ್ರ ಹೊತ್ತಿಗೆ ಸರಿಯಾಗಿ ಬರಬೇಕು ಅಂತ. ಬೇರೆ ಉಲ್ಲನ್ ಕೊಳ್ಳಲು ಅವಳಲ್ಲಿ ಏನಿತ್ತು? ಅಪ್ಪನ ಸ್ವೆಟರ್ ಬಿಚ್ಚಿದಳು.

"ಬಿಚ್ಚುವಾಗ ಅತ್ತೆ ಕಣೇ. ಆದ್ರೂ ಅಂದ್ಕೊಂಡೆ, ಅಪ್ಪಂಗೆ ಒಳ್ಳೇದಾಗಿತ್ತಲ್ಲ, ಈ ಬಿಲ್ಲೆಗಳೂ ನಮ್ಮನ್ನ ಕಾಪಾಡ್ತವೆ ಅಂತ. ಅವ್ನು ಬಂದು, ಕಂಪನಿಯೋರು ನೋಡಿ ಉಗಿದ್ರು, ಎಲ್ಲಾ ಸುಟ್ಟಾಕಿದ್ರು ಅಂದ. ಕೂಲಿ ಹೋಗ್ಲಿ. ಅಪ್ಪನ ನೂಲು ಸುಟ್ರಲ್ಲ ಅಂತ..."

"ಹಸಿರು ಉಂಡೆಗಳು?"

"ಕಲ್ಲಿದ್ದಲ ಗೂಡಲ್ಲಿ ಇಟ್ಟಿದ್ದೆ. ಒಂದೆಳೆ ಬಿಚ್ಚಿರ್ಲಿಲ್ಲ. ಬಲೆ ಹುರೀಲಿ ಕಟ್ಟಿ ಅವನ ಕೈಗೇ ಕೊಟ್ಟೆ. ನಾನು ಮಾರ್ಕೊಂಡೆ ಅಂತ ಊರೆಲ್ಲಾ ಸಾರಿದ್ನಲ್ಲ, ನೀನಾದ್ರೂ ಬಂದು ಕೇಳ್ತೀಯ ಅಂದ್ಕೊಂಡಿದ್ದೆ."

ಮನೆಗೆ ಬಂದು ಒಂದು ಬಕೆಟ್ ಕಲ್ಲಿದ್ದಲು ತೆಗೆದುಕೊಂಡು ಹೋಗಿ ಅವಳ ಒಲೆ ಹೊತ್ತಿಸಿದೆ. ಲೆನ್ ತಾನೇ ಇನ್ನೊಂದು ಬಕೆಟ್ ತುಂಬಿ ತಂದಿಟ್ಟ.

ಆ ಮಧ್ಯಾಹ್ನ, ಲಿಂಕನ್ ಕಡೆಯವು ಅಂತ ಥರ್ಲೋ ತಂದುಕೊಟ್ಟು ನಾನು ಜೋಡಿಸದೆ ಉಳಿದಿದ್ದ ಹಳೆಯ ಗಂಟುಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ಈಗ ಅನುಮಾನ ಸರಿಯಾದ ಕಡೆ ತಿರುಗಿತ್ತು. ಒಂದೊಂದನ್ನೇ ಬೆರಳಲ್ಲಿ ನೋಡಿದೆ. ಮೇವಿಸ್ ಬಿಗಿಯಾಗಿ ಎಳೆಯುತ್ತಾಳೆ, ಅವಳ ಬಿಲ್ಲೆ ಹಲಗೆಯಂತೆ. ರೀಟಾ ಎಡಗೈಯವಳು, ಅವಳ ಹೆಣಿಗೆ ಎಲ್ಲರದಕ್ಕೂ ಉಲ್ಟಾ ಸುತ್ತುತ್ತದೆ. ಉಲ್ಟಾ ಇದೆ, ಹಾಳು, ಬಾಯ್ಲರಿಗೆ ಅಂತ ವಾರವಾರವೂ ಅವಳ ಬಿಲ್ಲೆಗಳನ್ನೇ ಹೆಚ್ಚು ತೆಗೆಯುತ್ತಿದ್ದ. ಈ ಲಿಂಕನ್ ಗಂಟುಗಳಲ್ಲಿ ಇದ್ದವು ನೋಡಿ ಅವು! ಎಡಗೈ ಬಿಲ್ಲೆಗಳು ಇಪ್ಪತ್ತೋ ಮೂವತ್ತೋ. ಸುಟ್ಟವೆಲ್ಲ ನನ್ನ ಮೇಜಿಗೇ ಬಂದಿದ್ದವು. ಇಷ್ಟು ದಿನ ಸುಟ್ಟ ಬಿಲ್ಲೆಗಳನ್ನು ಜೋಡಿಸಿ ಚೀಲ ಮಾಡಿದವಳು ನಾನೇ.

ಮರುದಿನ ರೀಟಾ, ಮೇವಿಸ್ ಇಬ್ಬರನ್ನೂ ಎನಿಡ್ ಮನೆಗೆ ಕರೆದೆ. ಮೇವಿಸ್ ಬಾಗಿಲಲ್ಲೇ ನಿಂತಳು.

"ಇವಳ ಮನೆಗಾ? ಹಿಲ್ಡಾ, ನೀನು ನನ್ನ ಕೆಲಸ ಕಿತ್ಕೊಳ್ಳೋಕೆ ನೋಡ್ದೆ ಅಂತ ಥರ್ಲೋ ಹೇಳ್ದ. ಈಗೇನು ಹೊಸ ಆಟ?"

"ನೀನು ನನ್ನ ಕೆಲಸ ಕೇಳ್ದೆ ಅಂತ ನಂಗೆ ಹೇಳ್ದ."

"ನಾನಾ? ಜೋಡಿಸೋ ಕೆಲಸಾನಾ? ನನ್ನ ಕಣ್ಣಿಗೆ ಸೂಜಿ ಕಣ್ಣೇ ಕಾಣಲ್ಲ ಮಾರಾಯ್ತಿ!"

ರೀಟಾ ನಗಲು ಶುರುಮಾಡಿದಳು. ನಗುತ್ತ ನಗುತ್ತ ಅಳು ಬಂತು. "ನಾನು ಕಡಿಮೆಗೆ ಮಾಡ್ತೀನಿ ಅಂತ ಒಪ್ಕೊಂಡೇ ಇಲ್ಲ. ನೀವಿಬ್ರೂ ಒಪ್ಕೊಂಡ್ರಿ ಅಂತ ನನ್ನ ಕೂಲಿ ಇಳಿಸಿದ್ನಲ್ಲ, ಪಾಪಿ."

ವಿಲ್ಫ್ ಮತ್ತೆ ನೀರಿನ ಮೇಲಿದ್ದ, ಅದಕ್ಕೆ ಹಸಿರು ಬಿಲ್ಲೆಗಳನ್ನು ಹೊಸ್ತಿಲಿನ ಹೊರಗೇ ಸುರಿದೆ. ಅವರವರ ಕೈಯನ್ನು ಅವರವರೇ ಗುರುತಿಸಿದರು. ಮೇವಿಸ್ ಎನಿಡ್ ಮುಖ ನೋಡದೆ ಹೇಳಿದಳು.

"ಹೋದ ತಿಂಗಳು ನಂಗೆ ಬಂದ ಹಸಿರು ಉಂಡೆಗಳಿಗೆ ಬಲೆ ಹುರಿ ಕಟ್ಟಿತ್ತು. ಅಂಗಡಿ ಉಲ್ಲನ್ನಿಗೆ ಯಾರು ಬಲೆ ಹುರಿ ಕಟ್ತಾರೆ ಅಂತ ಒಂದ್ಸಲ ಅನ್ನಿಸ್ತು. ಕೇಳೋಕೆ ಹೋಗ್ಲಿಲ್ಲ. ಕೇಳಿದ್ರೆ ನನ್ನ ಕೆಲಸಾನೂ ಹೋಗತ್ತೇನೋ ಅಂತ. ತಪ್ಪಾಯ್ತು ಎನಿಡಕ್ಕ."

"ತಪ್ಪೇನೋ ಆಯ್ತು. ಚಹಾ ಕುಡಿ, ಆರೋಗತ್ತೆ," ಅಂದಳು ಎನಿಡ್. ಅವಳು ಅಷ್ಟೇ ಹೇಳುವವಳು.

ಏನು ಮಾಡುವುದು? ದೂರು ಕೊಡೋಣ ಅಂದಳು ರೀಟಾ. ಯಾರಿಗೆ? ಕಂಪನಿಯ ಹೆಸರೇ ನಮಗೆ ಗೊತ್ತಿಲ್ಲ. ಕೆಲಸ ಬಿಡೋಣ ಅಂದಳು ಮೇವಿಸ್. ಆಚೆ ಬೀದಿಯಲ್ಲಿ ನಾಳೆಯೇ ಹತ್ತು ಜನ ಸಿಗುತ್ತಾರೆ. ಎನಿಡ್ ತನ್ನ ನೀಲಿ ಬಿಲ್ಲೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಡುತ್ತಿದ್ದಳು. ಆರು ಮೂಲೆಯ ಬಿಲ್ಲೆಗೆ ಅದೊಂದು ಗುಣ. ಪಕ್ಕ ಪಕ್ಕ ಇಟ್ಟರೆ ನಡುವೆ ಸಂದಿಯೇ ಉಳಿಯುವುದಿಲ್ಲ. ಎಷ್ಟು ಬೇಕಾದರೂ ಇಡುತ್ತ ಹೋಗಬಹುದು.

"ಹಿಲ್ಡಾ, ಏಳೇಳು ಯಾಕೆ ಜೋಡಿಸ್ತೀಯ?" ಅಂದಳು. "ಎಲ್ಲಾ ಸೇರಿಸಿ ಒಂದೇ ಜೋಡಿಸು."

ಹಿತ್ತಿಲ ಗೂಡಿನಿಂದ ಹಳೆಯ ಬಲೆ ಹುರಿ ಹೊರಬಂತು. ಐದು ದಿನ ನಾಲ್ವರೂ ಕೂತೆವು. ನಡುವೆ ಎನಿಡ್‌ಳ ನೀಲಿ, ಅದರ ಸುತ್ತ ಮೇವಿಸ್‌ಳ ಹಲಗೆಗಳು, ಅದರಾಚೆ ರೀಟಾಳ ಉಲ್ಟಾ ಬಿಲ್ಲೆಗಳು. ಪ್ರತಿ ಮೂಲೆಗೂ ಹುರಿ, ಹುರಿಗೆ ಬಲೆಗಂಟು. ಎಳೆದಷ್ಟೂ ಬಿಗಿಯುವ ಗಂಟು ಅದು. ಬಿಚ್ಚಲು ಬರುವುದಿಲ್ಲ. ಕತ್ತರಿಸಬೇಕು, ಕತ್ತರಿಸಿದರೆ ಬಿಲ್ಲೆಯ ಅಂಚೂ ಹೋಗುತ್ತದೆ. ಒಬ್ಬಳ ಬಿಲ್ಲೆ ಬೇಕಾದರೆ ಎಲ್ಲರದೂ ಬೇಕು. ಹಸಿರು ಅಂಚಿನವು ಎನಿಡ್ ಮನೆಯೊಳಗೆ ಬರದಂತೆ ಆ ಭಾಗವನ್ನೆಲ್ಲ ನನ್ನ ಮನೆಯಲ್ಲೇ ಹೆಣೆದೆವು.

ಗುರುವಾರ ಬೆಳಿಗ್ಗೆ ಅದನ್ನು ಬೀದಿಗೆ ಅಡ್ಡ ಕಟ್ಟಿದೆವು. ಈ ಕಡೆ ನನ್ನ ಮಹಡಿಯ ಕಿಟಕಿ, ಆ ಕಡೆ ರೀಟಾ ಕಿಟಕಿ. ಒಣಗಲು ಹಾಕಿದ ಬಲೆಯಂತೆ ಗಾಳಿಗೆ ಉಬ್ಬುತ್ತಿತ್ತು. ಕೆಲಸವಿಲ್ಲದ ಗಂಡಸರು ಟೋಪಿ ಹಿಂದಕ್ಕೆ ತಳ್ಳಿ ನೋಡುತ್ತ ನಿಂತರು.

ಥರ್ಲೋನ ವ್ಯಾನು ಹಾರನ್ ಹೊಡೆಯುತ್ತ ಬಂದು ಅದರ ಕೆಳಗೆ ನಿಂತಿತು. ಇಳಿದವನ ಬಾಯಿ ತೆರೆದೇ ಇತ್ತು.

"ಹಿಲ್ಡಕ್ಕ, ಇದೇನು ಹುಚ್ಚಾಟ? ನನ್ನ ಏಳು ಚೀಲ ಎಲ್ಲಿ?"

"ಅಲ್ಲೇ ಇದೆಯಲ್ಲ, ನಡುಮಧ್ಯ. ತಗೊಳ್ಳಿ."

ಅವನು ಕೆಳಗೆ ಜೋತುಬಿದ್ದಿದ್ದ ಅಂಚು ಹಿಡಿದು ಎಳೆದ. ಗಂಟುಗಳು ಬಿಗಿದವು. ಬೆರಳಲ್ಲಿ ಕೆದಕಿದ. ಇನ್ನೂ ಬಿಗಿದವು.

"ಬಿಚ್ಚಿಕೊಡು. ನೀನು ನನ್ನ ಕಡೆಯೋಳು ಹಿಲ್ಡಕ್ಕ. ಇವರ ಮಾತು ಕಟ್ಕೊಂಡು ಕೆಡಬೇಡ."

"ನಾನು ನಿಮ್ಮ ಕಡೆಯೋಳು ಅಂತ ನಂಗೂ ಹಾಗೇ ಅನ್ನಿಸಿತ್ತು. ಆ ನೀಲಿ ಬಿಲ್ಲೆಗಳು ಯಾರದು ಹೇಳಿ, ಬಿಚ್ಚಿಕೊಡ್ತೀನಿ."

"ಹೇಳಿದ್ನಲ್ಲ, ಲಿಂಕನ್..."

"ಎನಿಡ್‌ದು ಎಲ್ಲಿ ಹೋಯ್ತು?"

"ಸುಟ್ಟೋಯ್ತು ಅಂದ್ನಲ್ಲ! ಎಷ್ಟು ಸಲ ಹೇಳ್ಬೇಕು?"

ರೀಟಾ ಕಿಟಕಿಯಿಂದ ಕೂಗಿದಳು. "ನನ್ನವೂ ಸುಟ್ಟೋಗಿದ್ವು ಸ್ವಾಮಿ! ನೋಡಿ, ನಿಮ್ಮ ತಲೆ ಮೇಲೇ ನೇತಾಡ್ತಿವೆ!" ಗಂಡಸರು ಗೊಳ್ಳೆಂದರು. ಥರ್ಲೋನ ಕತ್ತು ಕೆಂಪಾಯಿತು. ಎನಿಡ್ ತನ್ನ ಬಾಗಿಲಲ್ಲಿ ಕೋಟು ಹಾಕಿಕೊಂಡು ನಿಂತಿದ್ದಳು. ಅವನು ಅವಳ ಕಡೆ ಒಮ್ಮೆಯೂ ತಿರುಗಲಿಲ್ಲ.

"ಸಾಯಿರಿ ಹಾಗಾದ್ರೆ," ಅಂದ. "ಆಚೆ ಬೀದಿಲಿ ಐವತ್ತು ಜನ ಕಾಯ್ತಿದಾರೆ. ಇನ್ನು ಈ ಬೀದಿಗೆ ಒಂದೆಳೆ ಉಲ್ಲನ್ನೂ ಬರಲ್ಲ." ವ್ಯಾನು ಹಿಂದಕ್ಕೆ ತಿರುಗಿಸಿಕೊಂಡು ಹೋದ.

ನಾವು ಗೆದ್ದವರಂತೆ ಕುಣಿಯಲಿಲ್ಲ. ಮೇವಿಸ್ ಅತ್ತಳು. ಅವಳಿಗೆ ಬಾಡಿಗೆಯ ಚಿಂತೆ. ನಾನು ಕಿಟಕಿಯಲ್ಲಿ ಕೂತು ಆಚೆ ಬೀದಿಯ ಹೆಂಗಸರನ್ನು ಮನಸ್ಸಿನಲ್ಲೇ ಶಪಿಸಿದೆ. ಅವರು ಇಷ್ಟು ಹೊತ್ತಿಗೆ ನಮ್ಮ ಬಿಲ್ಲೆ ಹೆಣೆಯುತ್ತಿರುತ್ತಾರೆ, ನಮ್ಮನ್ನು ಕಳ್ಳಿಯರು ಅನ್ನುತ್ತಿರುತ್ತಾರೆ ಅಂತ. ಹುಟ್ಟುಗುಣ ಅಷ್ಟು ಬೇಗ ಬಿಡುತ್ತದೆಯೇ?

ಶುಕ್ರವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಸ್ವಲ್ಪವೇ ತೆರೆದೆ. ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬಳು, ಗುರುತಿಲ್ಲ.

"ಆಚೆ ಬೀದಿಯವಳು. ಡೋರಾ ಅಂತ," ಅಂದಳು. "ಥರ್ಲೋ ನಿನ್ನೆ ಸಂಜೆ ಬಂದಿದ್ದ. ನೀವೆಲ್ಲ ಕಳ್ಳಿಯರಂತೆ, ನಿಮ್ಮ ಕೆಲಸ ನಾವು ಮಾಡ್ಬೇಕಂತೆ. ನೀಲಿ ಅಂಚಿಂದು ನಾಳೆ ಬೆಳಿಗ್ಗೆಗೇ ಬೇಕಂತೆ."

"ಮಾಡಿ. ಯಾರು ಬೇಡ ಅಂದ್ರು?"

"ಮಾಡೋ ಹಾಗಿದ್ರೆ ನಿಮ್ಮ ಬಾಗಿಲಿಗ್ಯಾಕೆ ಬರ್ಲಿ?" ಅವಳಿಗೂ ಸಿಟ್ಟು ಬಂತು. ಆಮೇಲೆ ಏಪ್ರನ್ನಿನ ಜೇಬಿಗೆ ಕೈ ಹಾಕಿ ಒಂದು ಬಿಲ್ಲೆ ತೆಗೆದಳು. ಹಳದಿ, ಕೆಂಪು, ಹಸಿರು. "ನಾನೂ ಅವನಿಗೆ ಬಿಲ್ಲೆ ಮಾಡ್ತೀನಿ, ನಂದೂ ವಾರಕ್ಕೆ ಹತ್ತು ಸುಡ್ತಾ ಇದ್ದ. ನಿಮ್ಮ ಬೀದಿಲಿ ನೇತಾಕಿದ್ದನ್ನ ನೋಡ್ದೆ. ಅಂಚಲ್ಲಿ ನನ್ನ ಕೈದು ಎರಡು ಕಂಡ್ವು. ನಿಜಾನಾ ಅಂತ ಕೇಳೋಣ ಅಂತ ಬಂದೆ."

ಬಾಗಿಲು ಪೂರ್ತಿ ತೆರೆದೆ. ಸಂಜೆಯೊಳಗೆ ಆಚೆ ಬೀದಿಯ ಆರು ಜನ ತಮ್ಮ ಬುಟ್ಟಿ ತಂದರು. ಥರ್ಲೋನ ಕೈಗೆ ನೀಲಿ ಅಂಚಿನ ಬಿಲ್ಲೆ ಒಂದೂ ಹೋಗಲಿಲ್ಲ. ನಮ್ಮ ಬಲೆ ಇನ್ನೂ ಅಗಲವಾಯಿತು.

ಶನಿವಾರ ಬೆಳಿಗ್ಗೆ ಎಂಟಕ್ಕೇ ವ್ಯಾನು ಬಂತು. ಹಾರನ್ ಹೊಡೆಯಲಿಲ್ಲ. ಥರ್ಲೋ ಇಳಿದು, ತಲೆಯ ಮೇಲೆ ಆಡುತ್ತಿದ್ದ ಬಿಲ್ಲೆಗಳನ್ನೊಮ್ಮೆ ನೋಡಿದ. ನನ್ನ ಬಾಗಿಲು ದಾಟಿದ. ಮೇವಿಸ್ ಬಾಗಿಲು ದಾಟಿದ. ಮೂಲೆ ಮನೆಗೆ ಹೋಗಿ, ಟೋಪಿ ತೆಗೆದು, ಬಾಗಿಲು ತಟ್ಟಿದ.

ಎನಿಡ್ ತೆರೆದಳು.

"ಏನ್ಬೇಕಿತ್ತು?"

"ಎನಿಡಮ್ಮ... ಆ ನೀಲಿ ಬಿಲ್ಲೆಗಳು. ಅಂಗಡಿಯವರು ಫೋನ್ ಮೇಲೆ ಫೋನು. ಕೂಲಿ ತಂದಿದೀನಿ, ಎಲ್ಲಾ ತಂದಿದೀನಿ. ನಿಮ್ಮ ಕೆಲಸ ಬಿಡಿಸಿ ಕೊಡ್ಬೇಕು."

"ನನ್ನ ಕೆಲಸಾನಾ?" ಅಂದಳು ಎನಿಡ್. "ಅದು ಸುಟ್ಟೋಯ್ತಲ್ಲ ಸ್ವಾಮಿ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಸುಟ್ಟಿಲ್ಲ," ಅಂದ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ಕೇಳಿಸ್ಲಿಲ್ಲ. ನಾನು ಕಳ್ಳಿ ಅಂತ ಬೀದಿಗೆಲ್ಲಾ ಹೇಳಿದ್ರಲ್ಲ, ಇದನ್ನೂ ಆ ಕಡೆ ತಿರುಗಿ ಹೇಳಿ."

ಅವನು ತಿರುಗಿದ. ಎರಡು ಬೀದಿಯ ಹೆಂಗಸರೂ ನಮ್ಮ ಬೀದಿಯ ಬಾಗಿಲುಗಳಲ್ಲಿ ನಿಂತಿದ್ದೆವು.